ಮಂಜಿನ ತಿರುವಿನಲ್ಲಿ ಎರಡು ಸೆಕೆಂಡು ಕಂಡ ಕಾರು ಯಾವುದು?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಮಡಿಕೇರಿ ಸುತ್ತಮುತ್ತ ತೆಗೆದ ಹಳೆಯ ಕನ್ನಡ ವರ್ಣಚಿತ್ರವೊಂದರ ಹಾಡಿನಲ್ಲಿ, ಮಂಜು ಕವಿದ ತಿರುವಿನಿಂದ ಒಂದು ಕಂದು ಕಾರು ಇಳಿದು ಬಂದು ಎರಡೇ ಸೆಕೆಂಡಿನಲ್ಲಿ ಮರೆಯಾಗುತ್ತದೆ. ಅಪ್ಪ ಅದು ಫಿಯೆಟ್ ಅನ್ನುತ್ತಾರೆ. ಚಿಕ್ಕಪ್ಪ ಅಂಬಾಸಿಡರೇ ಅಂತ ಪಟ್ಟು ಹಿಡಿದಿದ್ದಾರೆ. ಹಾಡಿನ ಕೊನೆಗೆ ಸಿಲ್ವರ್ ಓಕ್ ಮರದಡಿ ಒಂದು ಜೀಪು ನಿಂತಿದೆ. ಸೈನ್ಯದಲ್ಲಿದ್ದ ದೊಡ್ಡಪ್ಪ ಅದನ್ನು ಯುದ್ಧಕಾಲದ ಮಿಲಿಟರಿ ಜೀಪು ಎನ್ನುತ್ತಾರೆ, ಜೊಂಗಾ ಇರಬಹುದೇ ಎಂದೂ ಕೇಳಿದ್ದರು. ವಿಡಿಯೊ ಮತ್ತು ಅದರಿಂದ ತೆಗೆದ ಮೂರು ಚಿತ್ರ ಕಳಿಸಿದ್ದೇನೆ: ಕಾರಿನ ಮುಂಭಾಗ, ಕಾರಿನ ಪಕ್ಕ, ಜೀಪಿನ ಮುಂಭಾಗ. ಖಚಿತವಾಗಿ ಹೇಳುವುದು ಹೇಗೆ?

ಉತ್ತರ: ಕಾರಿನ ವಿಷಯದಲ್ಲಿ ನಿಮ್ಮ ಅಪ್ಪ ಹೇಳಿದ್ದು ಸರಿ. ಅದು ಫಿಯೆಟ್ 1100, ಅದರಲ್ಲೂ 1950ರ ದಶಕದ ಹಳೆಯ ಮೈಯದ್ದು. ಮುಂಬೈಯವರು ‘ಡುಕ್ಕರ್ ಫಿಯೆಟ್’ ಎಂದು ಕರೆಯುವ, ಹಂದಿಯ ಹಾಗೆ ಗುಂಡುಗುಂಡಾದ ಗಾಡಿ. ಹಾಗೆ ಹೇಳಲು ಕಾರಣ ನಿಮ್ಮ ಎರಡನೇ ಚಿತ್ರದಲ್ಲಿರುವ ಒಂದು ಬಿಳಿ ಚುಕ್ಕೆ, ಅಷ್ಟೆ. ಮುಂದಿನ ಬಾಗಿಲಿನ ಮುಂದಿನ ಅಂಚಿನಲ್ಲಿ, ಗ್ಲಾಸಿನ ಕೆಳಗೆ, ಸ್ವಲ್ಪ ಎಳೆದ ಹಾಗೆ ಕಾಣುವ ಚುಕ್ಕೆ. ಅದು ಬಾಗಿಲಿನ ಹಿಡಿ.

ಹಿಡಿ ಮುಂದಿನ ಅಂಚಿನಲ್ಲಿದೆ ಎಂದರೆ ಆ ಬಾಗಿಲಿನ ಕೀಲು ಹಿಂದಿದೆ ಎಂದರ್ಥ. ಹಳೆಯ ಫಿಯೆಟ್ 1100ರಲ್ಲಿ ಮುಂದಿನ ಮತ್ತು ಹಿಂದಿನ ಬಾಗಿಲುಗಳೆರಡೂ ನಡುವಿನ ಕಂಬಕ್ಕೇ ಕೀಲು ಹಾಕಿದಂಥವು. ಹಿಂದಿನ ಬಾಗಿಲು ಎಲ್ಲ ಕಾರಿನಂತೆ ತೆರೆಯುತ್ತದೆ, ಮುಂದಿನದು ಉಲ್ಟಾ. ಆದ್ದರಿಂದ ಎರಡು ಹಿಡಿಗಳ ನಡುವೆ ಎರಡೂ ಬಾಗಿಲುಗಳ ಉದ್ದದಷ್ಟು ಅಂತರವಿರುತ್ತದೆ, ಒಂದು ವಿಂಡ್‌ಸ್ಕ್ರೀನಿನ ಹತ್ತಿರ, ಇನ್ನೊಂದು ಹಿಂದಿನ ಚಕ್ರದ ಹತ್ತಿರ. ಅಂಬಾಸಿಡರಿನಲ್ಲಿ ನಾಲ್ಕೂ ಬಾಗಿಲಿನ ಕೀಲು ಮುಂದೆ. ಹಿಡಿ ಪ್ರತಿ ಬಾಗಿಲಿನ ಹಿಂದಿನ ಅಂಚಿನಲ್ಲಿ. ಇದು ಮೊದಲ ಮಾಡೆಲಾದ ಮಾರ್ಕ್ 1ರಿಂದ ಕೊನೆಯ ಗಾಡಿಯವರೆಗೂ ಬದಲಾಗಿಲ್ಲ. ಹಾಗಾಗಿ ಆ ಚುಕ್ಕೆ ನಿಜಕ್ಕೂ ಹಿಡಿಯೇ ಆಗಿದ್ದರೆ ಅಂಬಾಸಿಡರ್ ಅಲ್ಲವೇ ಅಲ್ಲ.

‘ನಿಜಕ್ಕೂ ಹಿಡಿಯೇ ಆಗಿದ್ದರೆ’ ಎಂಬುದನ್ನು ಪರೀಕ್ಷಿಸಬೇಕು, ಒಂದು ಚಿತ್ರ ನೋಡಿ ತೀರ್ಮಾನಿಸಬಾರದು. ಮಡ್‌ಗಾರ್ಡಿಗೆ ಹಾಕಿಸಿದ ಕನ್ನಡಿ, ಒದ್ದೆ ಬಾಡಿ ಮೇಲೆ ಬಿದ್ದ ಆಕಾಶದ ಹೊಳಪು, ವಿಡಿಯೊದ ಕೊಳೆ, ಮೂರೂ ಇಂಥದ್ದೇ ಬಿಳಿ ಚುಕ್ಕೆ ಮಾಡುತ್ತವೆ. ವ್ಯತ್ಯಾಸ ತಿಳಿಯಲು ಫ್ರೇಮ್ ಫ್ರೇಮ್ ಮುಂದೆ ಸರಿಸಿ. ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ನಿಲ್ಲಿಸಿ ‘ಇ’ (E) ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಯೂಟ್ಯೂಬಿನಲ್ಲಿ ನಿಲ್ಲಿಸಿಕೊಂಡು ಪೂರ್ಣವಿರಾಮದ ಕೀ ಮುಂದಕ್ಕೆ, ಅಲ್ಪವಿರಾಮದ ಕೀ ಹಿಂದಕ್ಕೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮ್ಮ ಎರಡು ಸೆಕೆಂಡಿನಲ್ಲಿ 48 ಚಿತ್ರಗಳಿವೆ. ಹಿಡಿಯಾದರೆ ಚುಕ್ಕೆ ಎಲ್ಲ ಫ್ರೇಮಿನಲ್ಲೂ ಬಾಡಿಯ ಅದೇ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹೊಳಪಾದರೆ ಕಾರು ಮುಂದೆ ಹೋದಂತೆ ಬಾಡಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಕನ್ನಡಿಯಾದರೆ ಗ್ಲಾಸಿನ ಕೆಳಗಿನ ಗೆರೆಗಿಂತ ಮೇಲೆ ಎದ್ದು ನಿಲ್ಲುತ್ತದೆ. ಕೊಳೆಯಾದರೆ ಒಂದೇ ಫ್ರೇಮಿನಲ್ಲಿ ಬಂದು ಮಾಯ.

ಚುಕ್ಕೆ ಯಾಕೆ ಅಡ್ಡಕ್ಕೆ ಎಳೆದ ಹಾಗಿದೆ ಎಂಬುದೂ ಗೊತ್ತಿರಲಿ. ಸಾಮಾನ್ಯ ಸಿನಿಮಾ ಕ್ಯಾಮೆರಾದಲ್ಲಿ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು ಸುಮಾರು 1/48 ಸೆಕೆಂಡು. ಗಂಟೆಗೆ 36 ಕಿ.ಮೀ. ವೇಗದ ಕಾರು ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. 1/48 ಸೆಕೆಂಡಿನಲ್ಲಿ ಸುಮಾರು 21 ಸೆಂ.ಮೀ. ಕ್ಯಾಮೆರಾ ಅಲುಗದೆ ನಿಂತಿದ್ದರೆ ಕಾರಿನ ಪ್ರತಿ ಬಿಂದುವೂ ಅಷ್ಟು ಉದ್ದಕ್ಕೆ ಸವರಿಕೊಳ್ಳುತ್ತದೆ. ಇದರಿಂದ ಕೆಡುವುದು ನಿಂತ ಗೆರೆಗಳು: ಬಾಗಿಲಿನ ಸಂದು, ಕಂಬ, ವೀಲ್ ಕ್ಯಾಪಿನ ವಿನ್ಯಾಸ. ಮಲಗಿದ ಗೆರೆಗಳು, ಅಂದರೆ ಗ್ಲಾಸಿನ ಕೆಳಗಿನ ಪಟ್ಟಿ, ಟಾಪಿನ ಅಂಚು, ಬಂಪರ್, ಬಹುಮಟ್ಟಿಗೆ ಉಳಿಯುತ್ತವೆ. ಕ್ಯಾಮೆರಾ ಕಾರಿನ ಜೊತೆ ತಿರುಗುತ್ತಿದ್ದರೆ ಇದು ತಲೆಕೆಳಗಾಗುತ್ತದೆ: ಮರಗಳು ಸವರಿಹೋಗಿ ಕಾರು ಚೆನ್ನಾಗಿ ಮೂಡುತ್ತದೆ. ಆದ್ದರಿಂದ ಮೊದಲು ಹಿನ್ನೆಲೆ ಸವರಿಹೋದ ಫ್ರೇಮ್ ಹುಡುಕಿ. ಕಾರು ನೇರ ನಿಮ್ಮ ಕಡೆಗೇ ಬರುವ ಫ್ರೇಮುಗಳೂ ಒಳ್ಳೆಯವು, ಅಡ್ಡ ಚಲನೆ ಕಡಿಮೆ.

ಇನ್ನು ನಿಮ್ಮ ಮೊದಲ ಚಿತ್ರ. ಮಂಜಿನಲ್ಲಿ ಮುಂಭಾಗ, ನಡುವೆ ಏನೋ ಅಡ್ಡ ಗೆರೆಗಳು. ಚಿಕ್ಕಪ್ಪ ಅಂಬಾಸಿಡರ್ ಎಂದಿದ್ದು ಇದನ್ನು ನೋಡಿಯೇ ಇರಬೇಕು. ಮುಂಭಾಗವನ್ನು ನಂಬುವುದೇ ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ನಮ್ಮ ದೇಶದಲ್ಲಿ ಒಂದು ಕಾರು ಇಪ್ಪತ್ತು, ಮೂವತ್ತು ವರ್ಷ ಓಡಿದೆ. ಗುದ್ದಿದಾಗ ಮೊದಲು ಹೋಗುವುದು ಗ್ರಿಲ್, ಬಂಪರ್, ಹೆಡ್‌ಲೈಟಿನ ರಿಂಗು. ಗ್ಯಾರೇಜಿನಲ್ಲಿ ಸಿಕ್ಕಿದ ಹೊಸ ಮಾಡೆಲಿನ ಗ್ರಿಲ್ಲನ್ನೇ ಹಳೆಯದಕ್ಕೆ ಕೂರಿಸಿ ಕಳಿಸುವುದು ವಾಡಿಕೆ. ಮಾರ್ಕ್ 2ಕ್ಕೆ ಮಾರ್ಕ್ 3ರ ಮೂತಿ ಬಂದ ಗಾಡಿಗಳು ಬೇಕಾದಷ್ಟಿದ್ದವು. ಯಾರೂ ಬದಲಾಯಿಸದ ಭಾಗಗಳು ಬೇರೆ: ಗ್ಲಾಸುಗಳ ಹೊರರೇಖೆ, ಟಾಪಿನ ಬಾಗು, ಬಾಗಿಲು ಕತ್ತರಿಸಿದ ರೀತಿ, ಕೀಲಿನ ಕಡೆ, ಹಿಂದಿನ ಮಡ್‌ಗಾರ್ಡಿನ ಆಕಾರ. ಹೆಸರು ಹುಡುಕುವ ಮೊದಲು ಇವನ್ನು ಕಾಗದದ ಮೇಲೆ ಗೀಚಿಕೊಳ್ಳಿ. ಹೆಸರು ಮೊದಲೇ ತಲೆಯಲ್ಲಿ ಕೂತರೆ ಕಣ್ಣು ಅದಕ್ಕೆ ಬೇಕಾದ ಗ್ರಿಲ್ಲನ್ನು ಮಂಜಿನಲ್ಲೂ ಕಂಡುಬಿಡುತ್ತದೆ.

ಅಳತೆಯಿಂದ ಹೇಳಬಹುದಲ್ಲ ಎಂದು ಅನೇಕರು ಸ್ಕೇಲು ಹಿಡಿದು ಕೂರುತ್ತಾರೆ. ಅಂಬಾಸಿಡರ್ ಮತ್ತು ಫಿಯೆಟ್ ನಡುವೆ ಆ ಲೆಕ್ಕ ನಡೆಯುವುದಿಲ್ಲ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, 1.6 ಮೀಟರ್ ಎತ್ತರ. ಫಿಯೆಟ್ 1100 ಸುಮಾರು 3.9 ಮೀಟರ್ ಉದ್ದ, 1.47 ಮೀಟರ್ ಎತ್ತರ. ಭಾಗಿಸಿ ನೋಡಿ, ಎರಡಕ್ಕೂ ಉತ್ತರ 2.7ರ ಹತ್ತಿರವೇ. ಒಂದೇ ಅನುಪಾತದ ದೊಡ್ಡ ಗಾಡಿ ಮತ್ತು ಸಣ್ಣ ಗಾಡಿ. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ಮಾತ್ರ ಎತ್ತರ ಉಪಯೋಗಕ್ಕೆ ಬರುತ್ತದೆ: 1.7 ಮೀಟರ್ ಎತ್ತರದವರಿಗೆ ಫಿಯೆಟ್ಟಿನ ಟಾಪು ಗದ್ದದ ಮಟ್ಟಕ್ಕೆ, ಅಂಬಾಸಿಡರಿನದು ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅವರು ಕಾರಿಗೆ ತಾಗಿಯೇ ನಿಂತಿರಬೇಕು, ಎರಡು ಹೆಜ್ಜೆ ಹಿಂದೆ ಮುಂದೆ ಆದರೂ ಲೆಕ್ಕ ತಪ್ಪುತ್ತದೆ. ಅನುಪಾತ ಕೆಲಸಕ್ಕೆ ಬರುವುದು ಅಮೆರಿಕದ ಕಾರನ್ನು ಬೇರ್ಪಡಿಸಲು. 1957ರ ಷೆವರ್ಲೆ ಬೆಲ್ ಏರ್ 5 ಮೀಟರಿಗಿಂತ ಉದ್ದ, ಎತ್ತರ ಒಂದೂವರೆ ಮೀಟರಿನ ಆಸುಪಾಸು, ಅನುಪಾತ 3.3. ಅದು ಕಣ್ಣಿಗೇ ಹಾಸಿಗೆಯ ಹಾಗೆ ಉದ್ದಕ್ಕೆ ಕಾಣುತ್ತದೆ.

ಯಾವುದನ್ನು ಅಳೆಯುವುದಿದ್ದರೂ ಮೊದಲು ಚಕ್ರ ನೋಡಿ. ಪಕ್ಕದಿಂದ ನೇರವಾಗಿ ಕಾಣುವ ಚಕ್ರ ಗುಂಡಗಿರಲೇಬೇಕು. ಮೊಟ್ಟೆಯಂತೆ ಎತ್ತರಕ್ಕೆ ಕಂಡರೆ ಅಗಲದ ಚಿತ್ರವನ್ನು ಟಿವಿಗಾಗಿ ಹಿಂಡಿದ್ದಾರೆ. ಅಡ್ಡಕ್ಕೆ ಚಪ್ಪಟೆಯಾಗಿ ಕಂಡರೆ ಹಳೆಯ ಚೌಕ ಚಿತ್ರವನ್ನು ಇಂದಿನ ಅಗಲ ಪರದೆಗೆ ಎಳೆದಿದ್ದಾರೆ. ವಿಎಲ್‌ಸಿಯಲ್ಲಿ ‘ಎ’ (A) ಕೀ ಒತ್ತುತ್ತಾ ಹೋದರೆ ಅನುಪಾತ ಬದಲಾಗುತ್ತದೆ, ಚಕ್ರ ಗುಂಡಗಾದಲ್ಲಿ ನಿಲ್ಲಿಸಿ. ನಿಮ್ಮ ಎರಡನೇ ಚಿತ್ರದಲ್ಲಿ ಚಕ್ರ ಅಡ್ಡಕ್ಕೆ ಹಿಗ್ಗಿದೆ. ಕಾರು ಇದ್ದದ್ದಕ್ಕಿಂತ ಉದ್ದ ಕಂಡು ಅಂಬಾಸಿಡರ್ ಎನಿಸಲು ಅದೂ ಒಂದು ಕಾರಣ.

ಚಿತ್ರ ಕನ್ನಡಿಯಂತೆ ಉಲ್ಟಾ ಆಗಿದೆಯೇ ಎಂಬುದನ್ನೂ ಬಿಡಬೇಡಿ. ಹಕ್ಕುಸ್ವಾಮ್ಯದ ತಕರಾರು ತಪ್ಪಿಸಲು ಚಿತ್ರವನ್ನು ತಿರುವಿ ಹಾಕುವವರಿದ್ದಾರೆ. ಅಂಗಡಿ ಬೋರ್ಡು, ಮೈಲಿಗಲ್ಲಿನ ಅಕ್ಷರ, ಸ್ಟೀರಿಂಗ್ ಇರುವ ಕಡೆ ನೋಡಿದರೆ ತಿಳಿಯುತ್ತದೆ. ನಿಮ್ಮ ವಿಡಿಯೊ ನೇರವಾಗಿಯೇ ಇದೆ, ಚಾಲಕ ಬಲಗಡೆ ಕೂತಿದ್ದಾನೆ.

ಹಿಡಿ ಕಾಣದಂಥ ಫ್ರೇಮುಗಳೇ ಹೆಚ್ಚು ಸಿಗುತ್ತವೆ. ಆಗ ಒಟ್ಟು ಆಕಾರ ನೋಡಬೇಕು. ಅಂಬಾಸಿಡರಿನ ಟಾಪು ಬೋಗುಣಿ ಮಗುಚಿದ ಹಾಗೆ. ಹಿಂದಿನ ಚಕ್ರದ ಮೇಲಿನ ಉಬ್ಬು ಹಿಂದಿನ ಬಾಗಿಲಿನ ಮೇಲೂ ಹಬ್ಬಿರುತ್ತದೆ. ಡಿಕ್ಕಿಯ ಎರಡೂ ಬದಿ ಸಣ್ಣ ರೆಕ್ಕೆ, ಅದರ ತುದಿಯಲ್ಲಿ ನಿಂತ ಟೈಲ್‌ಲೈಟು. ರೆಕ್ಕೆಯಿಲ್ಲದೆ ಹಿಂಭಾಗ ಇಳಿಜಾರಾಗಿ ಗುಂಡಗಿದ್ದರೆ ಅದರ ಅಣ್ಣ ಲ್ಯಾಂಡ್‌ಮಾಸ್ಟರ್, 1954ರಿಂದ ಅಂಬಾಸಿಡರ್ ಬರುವವರೆಗೆ ತಯಾರಾದದ್ದು. ಅಂಬಾಸಿಡರಿನ ಅವಧಿಗಳನ್ನು ಮೂತಿಯಿಂದ ಸ್ಥೂಲವಾಗಿ ಹೇಳಬಹುದು: 1962ರ ತನಕದ ಮಾರ್ಕ್ 1ರಲ್ಲಿ ಬಾನೆಟ್ಟಿನ ಮೇಲೆ ತಗ್ಗುಗಳ ವಿನ್ಯಾಸವಿತ್ತು, 1975ರ ತನಕದ ಮಾರ್ಕ್ 2ರಲ್ಲಿ ಚೌಕುಳಿ ಜಾಲರಿಯ ಗ್ರಿಲ್, ಮಾರ್ಕ್ 3ರಲ್ಲಿ ಅಡ್ಡಪಟ್ಟಿ. 1979ರ ಮಾರ್ಕ್ 4ರಿಂದ ಗ್ರಿಲ್ ಸಣ್ಣದಾಗಿ ಚೌಕ ಪಾರ್ಕಿಂಗ್ ಲೈಟು ಬಂತು. ಗ್ರಿಲ್ ಬದಲಾಗಿರಬಹುದು ಎಂಬ ಎಚ್ಚರ ಮಾತ್ರ ಇರಲಿ.

ಫಿಯೆಟ್ಟಿನಲ್ಲಿ 1960ರ ದಶಕದ ಆರಂಭದಲ್ಲಿ ಮುಂದಿನ ಬಾಗಿಲಿನ ಕೀಲು ಮುಂದಕ್ಕೆ ಬಂತು. 1964ರ ಡಿಲೈಟ್ ಮಾಡೆಲಿನ ಹೊತ್ತಿಗೆ ಮೈ ಚೂಪಾಗಿ, ಟಾಪು ಚಪ್ಪಟೆಯಾಗಿ, ಹಿಂದೆ ಪುಟ್ಟ ರೆಕ್ಕೆ ಮೂಡಿತ್ತು. ಅದೇ ಗಾಡಿ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಕಾರಿನ ಮೈ ನೋಡಿ ಡಿಲೈಟ್ ಯಾವುದು, ಪದ್ಮಿನಿ ಯಾವುದು ಎಂದು ಎರಡು ಸೆಕೆಂಡಿನಲ್ಲಿ ಹೇಳುವವರ ಮಾತು ನಂಬಬೇಡಿ.

ಮೂರನೆಯ ದೇಶಿ ಗಾಡಿ, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ತಪ್ಪಿಸಿಕೊಳ್ಳುವುದು ಕಷ್ಟ. ಮೂಲೆಗಳೆಲ್ಲ ಕತ್ತರಿಸಿದ ಹಾಗೆ ಚೂಪು, ಹಿಂದೆ ಮೊನಚು ರೆಕ್ಕೆ, ಮೊದಮೊದಲು ಎರಡೇ ಬಾಗಿಲು. ಬಾನೆಟ್ಟು ಮತ್ತು ಮುಂದಿನ ಮಡ್‌ಗಾರ್ಡು ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಬಾನೆಟ್ಟಿನ ಮೇಲ್ಭಾಗದಲ್ಲಿ ಉದ್ದ ಸಂದು ಇರುವುದಿಲ್ಲ. ಮಾರಿಸ್ ಮೈನರ್ ಇನ್ನೂ ಗುಂಡಗಿನ ಪುಟ್ಟ ಗಾಡಿ. ವಿಂಡ್‌ಸ್ಕ್ರೀನ್ ನಡುವೆ ಸೀಳಿದ್ದರೆ 1956ಕ್ಕೆ ಮುಂಚಿನದು, ಒಂದೇ ಗ್ಲಾಸಾದರೆ ಆಮೇಲಿನದು. ಫೋಕ್ಸ್‌ವ್ಯಾಗನ್ ಬೀಟಲ್ ಹಿಂದಿನಿಂದ ಸಿಕ್ಕರೆ ಸುಲಭ: ಹಿಂದಿನ ಗ್ಲಾಸು ಎರಡು ಸೀಳಾಗಿದ್ದರೆ 1953ರವರೆಗಿನದು, ಮೊಟ್ಟೆಯಾಕಾರವಾದರೆ 1957ರವರೆಗಿನದು, ದೊಡ್ಡ ಆಯತವಾದರೆ ಆಮೇಲಿನದು. ಖಳನಾಯಕರ ಷೆವರ್ಲೆ ಇಂಪಾಲಾಗಳನ್ನೂ ಹಿಂದಿನಿಂದಲೇ ಹಿಡಿಯಬೇಕು. ಅಗಲ ರೆಕ್ಕೆಯ ಕೆಳಗೆ ಬೆಕ್ಕಿನ ಕಣ್ಣಿನಂಥ ಲೈಟು 1959ರದ್ದು. 1960ರದ್ದಕ್ಕೆ ಬದಿಗೆ ಮೂರು ಮೂರು ಗುಂಡು ಲೈಟು. ಅಮೆರಿಕದವರು ಪ್ರತಿ ವರ್ಷ ಮೈ ಬದಲಿಸುತ್ತಿದ್ದುದರಿಂದ ಒಂದು ಟೈಲ್‌ಲೈಟು ಸಿಕ್ಕರೆ ವರ್ಷವೇ ಸಿಕ್ಕಂತೆ. ನಮ್ಮ ಗಾಡಿಗಳಲ್ಲಿ ಸಿಗುವುದು ದಶಕ, ಅದಕ್ಕೇ ತೃಪ್ತಿಪಡಬೇಕು.

ನಿಮ್ಮ ವಿಡಿಯೊದ ಗುಣಮಟ್ಟ ಎಷ್ಟು ತೋರಿಸಬಲ್ಲದು ಎಂಬ ಲೆಕ್ಕ ಮೊದಲೇ ಹಾಕಿಕೊಂಡರೆ ವ್ಯರ್ಥ ಜಗಳ ಉಳಿಯುತ್ತದೆ. ಡಿವಿಡಿಯ ಚಿತ್ರ 720 ಪಿಕ್ಸೆಲ್ ಅಗಲ. ಕಾರು ಅದರ ಕಾಲು ಭಾಗ ತುಂಬಿದರೆ 180 ಪಿಕ್ಸೆಲ್. 4 ಮೀಟರಿನ ಗಾಡಿಗೆ ಒಂದು ಪಿಕ್ಸೆಲಿಗೆ ಎರಡು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಬಾಗಿಲಿನ ಹಿಡಿ ಐದಾರು ಪಿಕ್ಸೆಲ್ ಸಿಗುತ್ತದೆ, ಗ್ರಿಲ್ಲಿನ ಸರಳು ಸಿಗುವುದಿಲ್ಲ. ವಿಸಿಡಿ 352 ಪಿಕ್ಸೆಲ್ ಮಾತ್ರ. ಹಿಡಿ ಎರಡು ಮೂರು ಪಿಕ್ಸೆಲಿಗೆ ಇಳಿಯುತ್ತದೆ. ನೀವು ಕಳಿಸಿದ್ದು ವಿಸಿಡಿಯಿಂದ ಏರಿಸಿದ ವಿಡಿಯೊ ಎಂದು ಅದರ ಚೌಕ ಚೌಕ ಕಲೆಗಳೇ ಹೇಳುತ್ತವೆ. ಅದೇ ಹಾಡನ್ನು ಬೇರೆಯವರು ಏರಿಸಿದ್ದರೆ ಎಲ್ಲವನ್ನೂ ನೋಡಿ, ಒಂದರಲ್ಲಿ ಹಾಳಾದ ಫ್ರೇಮು ಇನ್ನೊಂದರಲ್ಲಿ ಉಳಿದಿರುತ್ತದೆ. ಅಂಚುಗಳು ಬಾಚಣಿಗೆ ಹಲ್ಲಿನಂತೆ ಕಂಡರೆ ಎರಡು ಅರ್ಧ ಚಿತ್ರಗಳು ಹೆಣೆದುಕೊಂಡಿವೆ; ವಿಎಲ್‌ಸಿಯಲ್ಲಿ ‘ಡಿ’ ಒತ್ತಿ ಬಿಡಿಸಿಕೊಳ್ಳಿ. ಸೆಕೆಂಡಿಗೆ 30 ಫ್ರೇಮಿನ ಅಮೆರಿಕದ ಡಿವಿಡಿಯಾದರೆ ಪ್ರತಿ ಐದರಲ್ಲಿ ಎರಡು ಫ್ರೇಮು ಬೆರಕೆ, ಅವನ್ನು ಬಿಟ್ಟು ಉಳಿದ ಮೂರನ್ನು ಬಳಸಿ.

ಮಂಜಿಗೆ ಮದ್ದು ಇದೆ. ಕಾರು ಹೆಚ್ಚು ಕಡಿಮೆ ಒಂದೇ ಕೋನದಲ್ಲಿರುವ ಐದು ಫ್ರೇಮುಗಳನ್ನು ವಿಂಡೋಸಿನ ವಿಎಲ್‌ಸಿಯಲ್ಲಿ ಶಿಫ್ಟ್ ಮತ್ತು ‘ಎಸ್’ ಒತ್ತಿ ಉಳಿಸಿಕೊಳ್ಳಿ. ಗಿಂಪ್‌ನಂಥ ತಂತ್ರಾಂಶದಲ್ಲಿ ಐದನ್ನೂ ಪದರ ಪದರವಾಗಿ ಇಟ್ಟು, ಎರಡು ಚಕ್ರಗಳ ನಡುಬಿಂದು ಒಂದರ ಮೇಲೊಂದು ಕೂರುವಂತೆ ಸರಿಸಿ, ಬೇಕಾದರೆ ಸ್ವಲ್ಪ ಹಿಗ್ಗಿಸಿ. ತಳದ ಪದರಕ್ಕೆ ಒಪಾಸಿಟಿ (ಅಪಾರದರ್ಶಕತೆ) 100, ಅದರ ಮೇಲಿನದಕ್ಕೆ 50, ಆಮೇಲೆ 33, 25, 20. ಹೀಗೆ ಇಟ್ಟರೆ ಐದೂ ಸಮನಾಗಿ ಬೆರೆಯುತ್ತವೆ. ಫಿಲ್ಮಿನ ಕಾಳು, ವಿಡಿಯೊದ ಕಲೆ ಮಸುಕಾಗಿ ಕಾರಿನ ಗೆರೆ ಉಳಿಯುತ್ತದೆ. ಬೆರೆಸಿದ ಮೇಲೆ ಕಾಂಟ್ರಾಸ್ಟ್ ಏರಿಸಿ. ಮೊದಲೇ ಏರಿಸಿದರೆ ಕಾಳೂ ಏರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ‘ಸ್ಪಷ್ಟ’ ಮಾಡುವ ಆ್ಯಪುಗಳನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅವು ಇರುವುದನ್ನು ತೋರಿಸುವುದಿಲ್ಲ, ಇರಬಹುದಾದದ್ದನ್ನು ಬರೆಯುತ್ತವೆ. ಮಬ್ಬು ಮೂತಿಗೆ ಲೋಕದಲ್ಲೇ ಇಲ್ಲದ ಗ್ರಿಲ್ ಬಿಡಿಸಿಕೊಡುತ್ತವೆ.

ಬಣ್ಣದ ಬಗ್ಗೆ ನೀವು ‘ಕಂದು ಕಾರು’ ಎಂದಿದ್ದೀರಿ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ವರ್ಣದ್ರವ್ಯ ಬೇಗ ಮಾಸಿ ಇಡೀ ಚಿತ್ರ ಕೆಂಪಿಗೆ ತಿರುಗುತ್ತದೆ. ನಿಮ್ಮ ವಿಡಿಯೊದಲ್ಲಿ ಮಂಜೇ ಗುಲಾಬಿಯಾಗಿದೆ, ಕಾಫಿ ಗಿಡದ ಎಲೆ ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಮಂಜನ್ನೋ ಬಿಳಿ ಅಂಗಿಯನ್ನೋ ಗುರುತಿಟ್ಟು ಬಿಳಿಗೆ ಸರಿಪಡಿಸಿದರೆ ಕಾರು ಬೂದು-ಹಸಿರಿನ ಕಡೆ ವಾಲುತ್ತದೆ. ಮಾಡೆಲ್ ಹೇಳಲು ಬಣ್ಣ ಎಂದೂ ಸಾಕ್ಷಿಯಲ್ಲ.

ನಂಬರ್ ಪ್ಲೇಟ್ ಓದಲು ಸಿಕ್ಕರೆ ಅದೃಷ್ಟ. 1989ರ ಹೊತ್ತಿಗೆ ‘ಕೆಎ’ ಪದ್ಧತಿ ಬರುವ ಮುನ್ನ ಮೂರು ಅಕ್ಷರ, ಆಮೇಲೆ ಅಂಕಿಗಳು ಇರುತ್ತಿದ್ದವು. ‘ಎಂವೈ’ಯಿಂದ ಶುರುವಾದರೆ ಮೈಸೂರು ರಾಜ್ಯದ ಗಾಡಿ, ‘ಎಂಎಸ್’ ಆದರೆ ಮದರಾಸಿನದು. ಆಗ ಕನ್ನಡ ಚಿತ್ರಗಳ ಸ್ಟುಡಿಯೊ ಕೆಲಸ ಬಹುಪಾಲು ಮದರಾಸಿನಲ್ಲಿ ನಡೆಯುತ್ತಿದ್ದರಿಂದ ಮಡಿಕೇರಿ ರಸ್ತೆಯಲ್ಲಿ ಮದರಾಸು ನಂಬರು ಕಂಡರೆ ಅದು ಚಿತ್ರತಂಡದ ಜೊತೆ ಬಂದ ಕಾರಿರಬಹುದು. ಇಲ್ಲಿನ ನಂಬರಾದರೆ ಯಾವುದೋ ತೋಟದ ಮನೆಯಿಂದ ಕೇಳಿ ತಂದದ್ದಿರಬಹುದು. ಇನ್ನೊಂದು: ಕಾರಿನೊಳಗೆ ಕೂತು ಹಾಡುವ ಹತ್ತಿರದ ದೃಶ್ಯಗಳನ್ನು ಸಾಕ್ಷಿಗೆ ತರಬೇಡಿ. ಅವನ್ನು ಎಷ್ಟೋ ಸಲ ಸ್ಟುಡಿಯೊದಲ್ಲಿ, ಹಿಂದೆ ಪರದೆಯ ಮೇಲೆ ರಸ್ತೆ ಓಡಿಸಿ ತೆಗೆಯುತ್ತಿದ್ದರು. ಒಳಗಿನ ಡ್ಯಾಶ್‌ಬೋರ್ಡು ಒಂದು ಕಾರಿನದು, ಘಾಟಿ ಇಳಿಯುವುದು ಮತ್ತೊಂದು. ಎಂಜಿನ್ ಸದ್ದಂತೂ ಆಮೇಲೆ ಸೇರಿಸಿದ್ದು.

ಚಿತ್ರದ ಕಾಲವೂ ಹೊಂದುತ್ತದೆಯೇ ನೋಡಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಬಂದದ್ದು 1964ರಲ್ಲಿ. ನಿಮ್ಮದು ಅದರ ನಂತರದ್ದು, ಹಾಗಾದರೆ ಆ ಫಿಯೆಟ್ ಆಗಲೇ ಕೆಲವು ವರ್ಷವಾದರೂ ಓಡಿದ ಗಾಡಿ. ಅಸಹಜವೇನಲ್ಲ. ಕಾರಿನ ವರ್ಷ ಚಿತ್ರದ ವರ್ಷಕ್ಕಿಂತ ಮುಂದಿರಲು ಸಾಧ್ಯವಿಲ್ಲ, ಹಿಂದೆ ಎಷ್ಟು ಬೇಕಾದರೂ ಇರಬಹುದು.

ಈಗ ಜೀಪು. ಕೊಡಗಿನಲ್ಲಿ ಇದರ ಮೇಲಿನ ಪ್ರೀತಿ ಕಾರಿನದಕ್ಕಿಂತ ದೊಡ್ಡದು, ಆದ್ದರಿಂದ ದೊಡ್ಡಪ್ಪನವರಿಗೆ ಸ್ವಲ್ಪ ಬೇಸರವಾಗಬಹುದು. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ ಮತ್ತು ಅದರ ಜೋಡಿ ಫೋರ್ಡ್ ಜಿಪಿಡಬ್ಲ್ಯೂಗಳ ಒತ್ತಿದ ತಗಡಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಹೆಡ್‌ಲೈಟು ಸಣ್ಣದು, ಗ್ರಿಲ್ಲಿಗಿಂತ ಒಳಗೆ ಕೂತಿರುತ್ತದೆ. ಯುದ್ಧದ ನಂತರ ಜನಸಾಮಾನ್ಯರಿಗಾಗಿ ಮಾಡಿದ ‘ಸಿಜೆ’ ಜೀಪುಗಳಲ್ಲಿ ಏಳು ಸೀಳು, ಲೈಟು ದೊಡ್ಡದು, ರಿಂಗು ಹೊರಗೆ ಕಾಣುತ್ತದೆ. ದೂರದಿಂದ ಸೀಳು ಎಣಿಸಲಾಗುವುದಿಲ್ಲ, ಲೈಟಿನ ಗಾತ್ರ ನೋಡಬೇಕು. ಸ್ಟೆಪ್ನಿಯನ್ನು ನಂಬಬೇಡಿ. ಎಂಬಿಯಲ್ಲಿ ಅದು ಹಿಂದೆ, ಸಿಜೆ-2ಎಯಲ್ಲಿ ಹಿಂದೆ ಬಾಗಿಲು ಬಂದದ್ದರಿಂದ ಪಕ್ಕಕ್ಕೆ ಹೋಯಿತು ಎಂಬುದು ನಿಜ, ಆದರೆ ತೋಟದ ಕೆಲಸಕ್ಕೆ ತಕ್ಕಂತೆ ಎಲ್ಲರೂ ಅದನ್ನು ಕಿತ್ತು ಬೇರೆ ಕಡೆ ಬೆಸುಗೆ ಹಾಕಿಸಿದ್ದಾರೆ.

ನಿಮ್ಮ ಮೂರನೇ ಚಿತ್ರದಲ್ಲಿ ಬೇರೆಯದೇ ಸುಳಿವಿದೆ: ಬಾನೆಟ್ಟು ಎತ್ತರ. ಮಡ್‌ಗಾರ್ಡು ಚಪ್ಪಟೆಯಾಗಿಯೇ ಇದೆ, ಆದರೆ ಬಾನೆಟ್ಟು ಅದಕ್ಕಿಂತ ಬಹಳ ಮೇಲೆ ಎದ್ದಿದೆ, ಹೆಡ್‌ಲೈಟುಗಳು ಕೆಳಗೆ ಉಳಿದಂತಿವೆ. ಅದು ಸಿಜೆ-3ಬಿ. 1953ರಲ್ಲಿ ಅಮೆರಿಕದಲ್ಲಿ ಎತ್ತರದ ಹೊಸ ಎಂಜಿನ್ ಕೂರಿಸಲು ಬಾನೆಟ್ಟನ್ನೇ ಎತ್ತಿ ಮಾಡಿದ ಜೀಪು. ಆಮೇಲೆ ಮಹೀಂದ್ರದವರು ಇಲ್ಲಿ ವರ್ಷಗಟ್ಟಲೆ ತಯಾರಿಸಿದ್ದು ಇದನ್ನೇ. ವಿಂಡ್‌ಸ್ಕ್ರೀನ್ ಒಂದೇ ಗ್ಲಾಸಿನದಾಗಿರುವುದೂ ಹೊಂದುತ್ತದೆ. ಎಂಬಿಯಲ್ಲಿ ಅದು ಎರಡು ಭಾಗ. ದೊಡ್ಡಪ್ಪನವರು ಸೈನ್ಯದಲ್ಲಿ ಇಂಥದ್ದೇ ಓಡಿಸಿರಲೂಬಹುದು, ಏಕೆಂದರೆ ನಮ್ಮ ಸೈನ್ಯವೂ ಮಹೀಂದ್ರ ಜೀಪುಗಳನ್ನು ಬಳಸಿದೆ. ಯುದ್ಧಕಾಲದ್ದು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಜೊಂಗಾ ಇರಬಹುದೇ ಎಂದೂ ಕೇಳಿದ್ದರಂತೆ: ಸೈನ್ಯಕ್ಕಾಗಿ ಜಬಲ್ಪುರದಲ್ಲಿ ಆ ಗಾಡಿ ತಯಾರಾಗತೊಡಗಿದ್ದು 1969ರಲ್ಲಿ, ಗಾತ್ರದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡದು.

ಫಿಯೆಟ್ಟಿನ ಹಳೆಯ ಮೈಯ ಮಾಡೆಲುಗಳಲ್ಲಿ ಇದು ಎಲಿಗೆಂಟೋ ಸೆಲೆಕ್ಟೋ ಎಂಬುದನ್ನು ಈ ಚಿತ್ರಗಳಿಂದ ಹೇಳಲಾಗದು, ಮುಂಭಾಗ ಮಂಜಿನಲ್ಲಿ ಕರಗಿದೆ. ಡಿವಿಡಿ ಸಿಕ್ಕರೆ ಕಾರು ತಿರುವಿನಿಂದ ಹೊರಬಂದ ಮೇಲಿನ ಹತ್ತರಿಂದ ಹದಿನೈದನೇ ಫ್ರೇಮಿನವರೆಗೆ ನೋಡಿ. ಕಾರು ಕ್ಯಾಮೆರಾಕ್ಕೆ ನೇರ ಮುಖ ಮಾಡುವುದು ಅಲ್ಲಿ. ಆ ಆರನ್ನು ಮೇಲೆ ಹೇಳಿದಂತೆ ಬೆರೆಸಿ (ಆರನೇ ಪದರಕ್ಕೆ ಒಪಾಸಿಟಿ 17) ಕಳಿಸಿ.